ಹೊಸ ಕಾರೋ, ಸೆಕೆಂಡ್ಸ್ ಗಾಡಿಯೋ: ಉಳಿದ ವರ್ಷಗಳ ಲೆಕ್ಕ

ನಮ್ಮ ಮನೆಯ ಆಲ್ಟೊಗೆ 2025ಕ್ಕೆ ಹದಿನೈದು ವರ್ಷ ತುಂಬಿತು. ಆರ್‌ಸಿಯಲ್ಲಿರುವ ತಾರೀಕು ಹತ್ತಿರ ಬಂದಾಗಿನಿಂದ ನನಗೆ ಒಂದೇ ಯೋಚನೆ. ಗಾಡಿ ಬದಲಿಸಬೇಕು ಅನ್ನೋದು ಗೊತ್ತಿತ್ತು. ಆದರೆ ಚಿಕ್ಕಮಗಳೂರಿನಲ್ಲಿ ಸೆಕೆಂಡ್ಸ್ ಗಾಡಿಗಳಿಗೆ ಹೇಳುತ್ತಿದ್ದ ರೇಟು ಮಾತ್ರ ಅರ್ಥವೇ ಆಗುತ್ತಿರಲಿಲ್ಲ. ನಾಲ್ಕು ವರ್ಷ ಓಡಿದ ಸಣ್ಣ ಕಾರಿಗೆ ಐದು ಲಕ್ಷದ ಇಪ್ಪತ್ತು ಸಾವಿರ. ಅದೇ ಕಾರು ಹೊಸದು ಶೋರೂಮಿನಲ್ಲಿ ಆರು ಲಕ್ಷಕ್ಕೆ ನಿಂತಿದೆ. ಮೊದಲೆಲ್ಲ ಹೀಗಿರಲಿಲ್ಲ. ದುಡ್ಡು ಕಮ್ಮಿ ಇದ್ದವರು ಸೆಕೆಂಡ್ಸ್ ತಗೋತಿದ್ದರು, ಇದ್ದವರು ಹೊಸದು. ಅಲ್ಲಿಗೆ ಮಾತು ಮುಗೀತಿತ್ತು. ಈಗ ಎರಡರ ನಡುವಿನ ಅಂತರ ಕಿರಿದಾಗಿದೆ. ಹಾಗಾಗಿ ನಮ್ಮಂಥವರು ಕೂತು ಲೆಕ್ಕ ಹಾಕಲೇಬೇಕು.

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಮೇಲಿದ್ದ ಸೆಸ್ ಕೂಡ ಹೋಯಿತು. ಅವತ್ತೇ ನವರಾತ್ರಿ ಶುರು. ಆಯುಧಪೂಜೆಗೆ ಹೊಸ ಗಾಡಿ ಮನೆಗೆ ತರಬೇಕು ಅಂತ ನಮ್ಮೂರಿನ ಶೋರೂಮುಗಳಲ್ಲಿ ಜನ ತುಂಬಿದ್ದರು. ಹೊಸದು ಇಳಿದ ಮೇಲೆ ಹಳೇದೂ ಇಳಿಯಬೇಕು ಅಲ್ವಾ? ನಾನು ಹಾಗೇ ಅಂದುಕೊಂಡು ಕಡೂರು ರಸ್ತೆ ಕಡೆ ಒಬ್ಬ ವ್ಯಾಪಾರಿಯ ಹತ್ತಿರ ಕೇಳಿದೆ. 'ಸರ್, ನಾನು ಈ ಗಾಡಿ ತಂದಿದ್ದು ಜೂನ್‌ನಲ್ಲಿ, ಹಳೇ ರೇಟಿಗೆ. ಈಗ ಇಳಿಸಿದ್ರೆ ನನ್ನ ಅಸಲೇ ಹೋಗುತ್ತೆ' ಅಂದರು. ಅವರ ಕಷ್ಟ ನಿಜವೇ. ಆದರೆ ಆ ಕಷ್ಟಕ್ಕೆ ನಾನು ಯಾಕೆ ದುಡ್ಡು ಕೊಡಬೇಕು ಅನ್ನೋದೂ ಅಷ್ಟೇ ನಿಜ. ಇನ್ನೊಂದು ವಿಷಯವಿದೆ. ವ್ಯಾಪಾರಿ ಹಳೇ ಗಾಡಿ ಮಾರಿದಾಗ ಅವರ ಲಾಭದ ಮೇಲೆ ಈಗ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತದೆ. ಸಣ್ಣ ಪೆಟ್ರೋಲ್ ಕಾರುಗಳಿಗೆ 2025ಕ್ಕೆ ಮುಂಚೆ 12 ಇತ್ತು. ವ್ಯಾಪಾರಿ ಇಲ್ಲದೆ, ಸ್ವಂತಕ್ಕೆ ಇಟ್ಟುಕೊಂಡ ಗಾಡಿಯನ್ನು ಮಾಲೀಕರೇ ಇನ್ನೊಬ್ಬರಿಗೆ ನೇರವಾಗಿ ಮಾರಿದರೆ ಈ ತೆರಿಗೆ ಇಲ್ಲ.

ಹಿಂತಿರುಗಿ ಬಾರದ ದುಡ್ಡು

ಹೊಸ ಕಾರಿನ ಜಾಹೀರಾತಿನಲ್ಲಿ ಇರೋದು ಎಕ್ಸ್‌ಶೋರೂಂ ಬೆಲೆ. ಕರ್ನಾಟಕದಲ್ಲಿ ಅದಕ್ಕೂ ನಾವು ಕೊನೆಗೆ ಕೊಡುವ ದುಡ್ಡಿಗೂ ಬಹಳ ದೂರ. ಐದು ಲಕ್ಷದೊಳಗಿನ ಕಾರಿಗೆ ಜೀವಿತಾವಧಿ ತೆರಿಗೆ 13 ಪರ್ಸೆಂಟ್. ಐದರಿಂದ ಹತ್ತು ಲಕ್ಷಕ್ಕೆ 14, ಹತ್ತು ದಾಟಿದರೆ 17, ಇಪ್ಪತ್ತು ದಾಟಿದರೆ 18. ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಆರು ಲಕ್ಷದ ಕಾರಿಗೆ ತೆರಿಗೆ 84 ಸಾವಿರ. ಸೆಸ್ ಸೇರಿದರೆ 93 ಸಾವಿರ ದಾಟುತ್ತದೆ. ಥರ್ಡ್ ಪಾರ್ಟಿ ವಿಮೆಯನ್ನು ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು. ಅದು 2018ರ ಸೆಪ್ಟೆಂಬರಿನಿಂದ ಇರುವ ನಿಯಮ. ಎಲ್ಲಾ ಸೇರಿ ಆರು ಲಕ್ಷದ ಕಾರು ನಮ್ಮ ಮನೆ ಅಂಗಳಕ್ಕೆ ಬರುವಾಗ ಏಳು ಲಕ್ಷದ ಮೂವತ್ತು ಸಾವಿರದ ಹತ್ತಿರ ಆಗಿರುತ್ತದೆ. ಎಕ್ಸ್‌ಶೋರೂಂ ಬೆಲೆ ಒಂಬತ್ತು ಮುಕ್ಕಾಲು ಲಕ್ಷದ ಕಾರು ನೋಡುತ್ತಿರುವವರು, ಸೇಲ್ಸ್‌ನವರು ಹೇಳಿದರು ಅಂತ ಮೇಲಿನ ವೇರಿಯಂಟಿಗೆ ಹಾರಿ ಹತ್ತು ಲಕ್ಷದ ಗೆರೆ ದಾಟಬೇಡಿ. ತೆರಿಗೆ ಒಂದರಲ್ಲೇ ಮೂವತ್ತು ಸಾವಿರಕ್ಕಿಂತ ಜಾಸ್ತಿ ಏರುತ್ತದೆ.

ಮೊದಲ ಮಾಲೀಕರು ಈ ತೆರಿಗೆ ಕಟ್ಟಿರುತ್ತಾರೆ. ಗಾಡಿ ನಮ್ಮ ರಾಜ್ಯದ್ದೇ ಆದರೆ ಎರಡನೆಯವರು ಮತ್ತೆ ಕಟ್ಟಬೇಕಾಗಿಲ್ಲ. ಸೆಕೆಂಡ್ಸ್ ಗಾಡಿಯ ನಿಜವಾದ ಲಾಭ ಇದು. ಚಿಕ್ಕಮಗಳೂರಿನ ಕೆಎ-18 ಆಗಲಿ, ಹಾಸನದ ಕೆಎ-13 ಆಗಲಿ, ಸಕಲೇಶಪುರದ ಕೆಎ-46 ಆಗಲಿ, ತೆರಿಗೆ ಅದರೊಳಗೇ ಇದೆ. ದೆಹಲಿಯಿಂದ ಬಂದ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ಕೆಲವರು ಹೇಳುತ್ತಾರೆ. ಅಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳಿಗೆ ತೊಂದರೆ ಇದ್ದದ್ದರಿಂದ ಅವು ಹೊರಗೆ ಬರುತ್ತವೆ. ಆದರೆ ಎನ್‌ಒಸಿ ತರಿಸಿ, ಇಲ್ಲಿನ ತೆರಿಗೆ ಕಟ್ಟಿ, ನಂಬರ್ ಬದಲಿಸುವಷ್ಟರಲ್ಲಿ ಆ ಅಗ್ಗ ಎಲ್ಲ ಕರಗುತ್ತದೆ.

ನಾನು ಎಲ್ಲರಿಗೂ ಹೇಳಬೇಕು ಅಂದುಕೊಂಡಿರುವ ಲೆಕ್ಕ ಇದು. ನಮ್ಮ ಕಡೆಯವರು ಮೂರು ವರ್ಷಕ್ಕೊಮ್ಮೆ ಕಾರು ಬದಲಿಸುವವರಲ್ಲ. ತಂದರೆ ಆರ್‌ಸಿ ಮುಗಿಯೋವರೆಗೂ ಓಡಿಸುತ್ತೇವೆ. ಹಾಗಿದ್ದ ಮೇಲೆ ಬೆಲೆಯನ್ನು ಉಳಿದ ವರ್ಷಗಳಿಂದ ಭಾಗಿಸಿ ನೋಡಬೇಕು. ಹೊಸ ಕಾರು 7.3 ಲಕ್ಷ, ಹದಿನೈದು ವರ್ಷ. ವರ್ಷಕ್ಕೆ 48,700ರ ಹತ್ತಿರ. ಆ ವ್ಯಾಪಾರಿ ಹೇಳಿದ ನಾಲ್ಕು ವರ್ಷದ ಗಾಡಿ 5.2 ಲಕ್ಷ, ಉಳಿದದ್ದು ಹನ್ನೊಂದು ವರ್ಷ. ವರ್ಷಕ್ಕೆ 47,300. ವ್ಯತ್ಯಾಸ ಒಂದೂವರೆ ಸಾವಿರವೂ ಇಲ್ಲ! ಅದೂ ಕಾರಿನ ಮೊದಲ ನಾಲ್ಕು ವರ್ಷ ಅಂದರೆ ಟೈರು, ಬ್ಯಾಟರಿ, ಕ್ಲಚ್ ಯಾವುದೂ ಕೈಗೆ ಬಾರದ ವರ್ಷಗಳು. ವಾರಂಟಿಯ ಬಹುಪಾಲು ಇರೋದೂ ಆಗಲೇ. ಆ ನಾಲ್ಕು ವರ್ಷವನ್ನು ಬೇರೆಯವರು ಅನುಭವಿಸಿ ಆಗಿದೆ. ಉಳಿದ ಹನ್ನೊಂದು ವರ್ಷಕ್ಕೂ ಹೊಸ ಗಾಡಿಯ ದರವನ್ನೇ ನಾವು ಕೊಡೋದು ಯಾಕೆ? ಅದೇ ಗಾಡಿ ನಾಲ್ಕು ಲಕ್ಷಕ್ಕೆ ಸಿಕ್ಕರೆ ವರ್ಷಕ್ಕೆ 36 ಸಾವಿರದ ಚಿಲ್ಲರೆ. ಆಗ ಮಾತು ಬೇರೆ.

ವಿಮೆಯವರ ಪಟ್ಟಿಯೂ ಇದನ್ನೇ ಹೇಳುತ್ತದೆ. ಐಡಿವಿ ಅಂದರೆ ಗಾಡಿ ಪೂರ್ತಿ ಹಾಳಾದರೆ, ಕಳುವಾದರೆ ನಮಗೆ ಸಿಗುವ ಮೊತ್ತ. ಹೊಸ ಕಾರಿನ ಇವತ್ತಿನ ಬೆಲೆಯಲ್ಲಿ ಒಂದರಿಂದ ಎರಡು ವರ್ಷದ ಗಾಡಿಗೆ 20 ಪರ್ಸೆಂಟ್ ಕಳೆಯುತ್ತಾರೆ. ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ಆರು ಲಕ್ಷದ ಕಾರು ನಾಲ್ಕು ವರ್ಷ ದಾಟಿದರೆ ಮೂರು ಲಕ್ಷದ ಆಸುಪಾಸು. ನಾನು 5.2 ಲಕ್ಷ ಕೊಟ್ಟು ತಂದು, ಮಾರನೇ ತಿಂಗಳು ಚಾರ್ಮಾಡಿ ಘಾಟಿಯಲ್ಲಿ ಅದರ ಮೇಲೆ ಮರ ಬಿದ್ದರೆ? ಕೈಗೆ ಬರೋದು ಮೂರು ಲಕ್ಷ. ಉಳಿದ ಎರಡು ಲಕ್ಷಕ್ಕೆ ಯಾರೂ ಜವಾಬ್ದಾರಿ ಅಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕಾರಿನ ಮೇಲೆ ಮರ ಬೀಳೋದು ಅಪರೂಪದ ವಿಷಯವೇನಲ್ಲ. ಅದಕ್ಕೇ ಸೆಕೆಂಡ್ಸ್ ಗಾಡಿ ನೋಡುವಾಗ ನಾನು ಐಡಿವಿಯನ್ನೇ ಮೊದಲು ಕೇಳುತ್ತಿದ್ದೆ. ಹೇಳುವ ರೇಟಿಗೂ ಐಡಿವಿಗೂ ಲಕ್ಷಗಟ್ಟಲೆ ಅಂತರವಿದ್ದರೆ ಮುಂದಿನ ಮಾತು ಬೇಡ.

ಏಳು ಫಸಲು

ಶೋರೂಮಿಗೆ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅಪ್ಪ ಅಮ್ಮ ಇರೋದು ಮೂಡಿಗೆರೆ ಹತ್ತಿರದ ಊರಲ್ಲಿ. ಸ್ವಲ್ಪ ರೋಬಸ್ಟಾ ಕಾಫಿ, ನಡುವೆ ಮೆಣಸು. ನಾನು ಚಿಕ್ಕಮಗಳೂರಿನಲ್ಲಿ ಪಾಠ ಹೇಳುತ್ತೇನೆ. ನನ್ನ ಸಂಬಳದಲ್ಲಿ ಇಲ್ಲಿನ ಬಾಡಿಗೆ, ಮಕ್ಕಳ ಫೀಸು ನಡೆಯುತ್ತದೆ. ಕಾರಿನಂಥ ದೊಡ್ಡ ಖರ್ಚಿಗೆ ತೋಟದ ದುಡ್ಡೇ ಆಗಬೇಕು. ಅಲ್ಲಿ ಕೂತಿದ್ದ ಹುಡುಗಿ ಬಹಳ ಸಮಾಧಾನವಾಗಿ ಎಲ್ಲಾ ವಿವರಿಸಿದಳು. 'ಅಂಕಲ್, ಐದು ಲಕ್ಷ ಲೋನ್ ಮಾಡಿ ಏಳು ವರ್ಷಕ್ಕೆ ಹಾಕಿದ್ರೆ ತಿಂಗಳಿಗೆ ಎಂಟು ಸಾವಿರದ ಚಿಲ್ರೆ ಬರುತ್ತೆ ಅಷ್ಟೇ' ಅಂದಳು. ಅಪ್ಪ ಅಲ್ಲಿ ಏನೂ ಹೇಳಲಿಲ್ಲ. ಹೊರಗೆ ಬಂದು ಕಾಫಿ ಕುಡಿಯುವಾಗ ಹೇಳಿದರು: 'ಏಳು ವರ್ಷ ಅಂದ್ರೆ ಏಳು ಫಸಲು ಕಣೋ. ಏಳು ಸಲ ಹೂಮಳೆ ಟೈಮಿಗೆ ಬರ್ಬೇಕು, ಏಳು ಸಲ ಅದರ ಹಿಂದೆ ಬ್ಯಾಕಿಂಗ್ ಮಳೆ ಬರ್ಬೇಕು, ಆಗಸ್ಟಲ್ಲಿ ಕಾಯಿ ಉದುರಬಾರ್ದು, ಕೊಯ್ಲಿಗೆ ಆಳು ಸಿಗ್ಬೇಕು. ಅದ್ಯಾವುದೂ ನಮ್ಮ ಕೈಲಿಲ್ಲ.'

ಆ ಮಾತು ನನ್ನ ಯೋಚನೆಯ ದಿಕ್ಕನ್ನೇ ಬದಲಿಸಿತು. 2024-25ರ ಸೀಸನ್‌ನಲ್ಲಿ ಕಾಫಿಗೆ ಬಂದ ಬೆಲೆ ನೋಡಿ ನಮ್ಮ ಕಡೆ ಎಷ್ಟೋ ಜನ ಹೊಸ ಕಾರು ತಂದರು. ಕೆಲವು ವರ್ಷಗಳ ಹಿಂದಿನ ದರಕ್ಕೆ ಹೋಲಿಸಿದರೆ ರೋಬಸ್ಟಾ ಎರಡು ಪಟ್ಟಿಗಿಂತಲೂ ಮೇಲೆ ಹೋಗಿತ್ತು. ತಂದದ್ದು ತಪ್ಪಲ್ಲ. ವರ್ಷಗಟ್ಟಲೆ ನಷ್ಟ ಕಂಡವರು ಅವರು. ಆದರೆ ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಹೇಗಾಯಿತು ಅನ್ನೋದರ ಮೇಲೆ ನಮ್ಮ ರೇಟು ನಿಲ್ಲುತ್ತದೆ. ವರ್ಷಕ್ಕೊಮ್ಮೆ ದುಡ್ಡು ನೋಡುವ ಮನೆಗೆ ತಿಂಗಳ ಕಂತು ಹೊಂದುವುದೇ ಇಲ್ಲ. ಆರು ತಿಂಗಳಿಗೊಮ್ಮೆ ಕಂತು ಕಟ್ಟುವ ಸಾಲವನ್ನು ಕೃಷಿಕರಿಗೆ ಕೆಲವು ಕಡೆ ಕೊಡುತ್ತಾರೆ. ಕೇಳಿ ನೋಡಬೇಕು. ಶೋರೂಮಿನಲ್ಲಿ ಅದನ್ನು ಅವರಾಗಿಯೇ ಹೇಳೋದು ಕಮ್ಮಿ.

ಮನೆಗೆ ಬಂದು ಲೆಕ್ಕ ಹಾಕಿದೆ. ಐದು ಲಕ್ಷ ಸಾಲ, 9.5 ಪರ್ಸೆಂಟ್ ಬಡ್ಡಿ, 84 ಕಂತು. ತಿಂಗಳಿಗೆ 8,170ರ ಹತ್ತಿರ. ಒಟ್ಟು ಬಡ್ಡಿ 1.86 ಲಕ್ಷ. ಅಂದರೆ 7.3 ಲಕ್ಷದ ಕಾರು ನಿಜಕ್ಕೂ ಒಂಬತ್ತು ಲಕ್ಷ ದಾಟುತ್ತದೆ. ಸೆಕೆಂಡ್ಸ್ ಗಾಡಿಯ ಸಾಲಕ್ಕೆ ಬಡ್ಡಿ ಜಾಸ್ತಿ, 13 ಪರ್ಸೆಂಟ್ ಹೇಳಿದರು. ಬಹಳ ಜನ ಆ 13 ಕೇಳಿಯೇ ಹಿಂದೆ ಸರಿಯುತ್ತಾರೆ. ಆದರೆ 4.4 ಲಕ್ಷದ ಸೆಕೆಂಡ್ಸ್ ಗಾಡಿಗೆ ಅಷ್ಟೇ ಮುಂಗಡ, ಅಂದರೆ 2.3 ಲಕ್ಷ ಕೊಟ್ಟು 2.1 ಲಕ್ಷ ಮಾತ್ರ ಸಾಲ ಮಾಡಿ ಮೂರು ವರ್ಷಕ್ಕೆ ಹಾಕಿದರೆ ಕಂತು 7,080ರ ಹತ್ತಿರ, ಒಟ್ಟು ಬಡ್ಡಿ 45 ಸಾವಿರ. ಬಡ್ಡಿ ದರ ಜಾಸ್ತಿ, ಕಟ್ಟುವ ಬಡ್ಡಿ ಕಾಲು ಭಾಗ. ಮೂರು ಫಸಲಿಗೆ ಸಾಲ ತೀರುತ್ತದೆ.

ಹಾಗಾದರೆ ಆಲ್ಟೊವನ್ನೇ ಇಟ್ಟುಕೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಖಂಡಿತ ಇಟ್ಟುಕೊಳ್ಳಬಹುದು. ಎಫ್‌ಸಿ ಮಾಡಿಸಿ ಐದು ಸಾವಿರ ಶುಲ್ಕ ಕಟ್ಟಿದರೆ ಆರ್‌ಸಿ ಇನ್ನೂ ಐದು ವರ್ಷಕ್ಕೆ ನವೀಕರಣ ಆಗುತ್ತದೆ. ವರ್ಷದ ಲೆಕ್ಕದಲ್ಲಿ ಅದನ್ನು ಮೀರಿಸುವ ಗಾಡಿ ಯಾವುದೂ ಇಲ್ಲ. ಆದರೆ ನಮ್ಮ ಆಲ್ಟೊದಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಅಮ್ಮನ ಕಣ್ಣಿನ ಚಿಕಿತ್ಸೆಗೆ ಮಂಗಳೂರಿಗೆ ಹೋಗಬೇಕು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಮಂಜು, ಒದ್ದೆ ರಸ್ತೆ, ತಿರುವಿನಲ್ಲಿ ಎದುರು ಬರುವ ಬಸ್ಸು. ಅಮ್ಮ ಕೂರೋದು ಮುಂದಿನ ಸೀಟಿನಲ್ಲಿ. ಇಷ್ಟು ವರ್ಷ ಏನೂ ಆಗಿಲ್ಲ ಅಂತ ಅಮ್ಮ ಹೇಳುತ್ತಾರೆ. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗಿ ಗಾಡಿ ಜಾರೋದನ್ನು ಎಬಿಎಸ್ ತಡೆಯುತ್ತದೆ. ಸ್ಟೀರಿಂಗ್ ನಮ್ಮ ಮಾತು ಕೇಳುತ್ತದೆ. ಘಾಟಿಯಲ್ಲಿ ಅದಿಲ್ಲದ ಗಾಡಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗಲು ನನಗೆ ಇನ್ನು ಮನಸ್ಸಿಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು.

ಇದರಿಂದ ಸೆಕೆಂಡ್ಸ್ ಹುಡುಕಾಟಕ್ಕೂ ಒಂದು ಗೆರೆ ಸಿಕ್ಕಿತು. ಎಬಿಎಸ್, ಚಾಲಕರ ಏರ್‌ಬ್ಯಾಗ್ ಎಲ್ಲಾ ಕಾರುಗಳಿಗೆ ಕಡ್ಡಾಯ ಆದದ್ದು 2019ರಲ್ಲಿ. ಮುಂದೆ ಪಕ್ಕದಲ್ಲಿ ಕೂರುವವರ ಏರ್‌ಬ್ಯಾಗ್ 2021ರ ಕೊನೆಗೆ ಎಲ್ಲಾ ಕಾರಿಗೂ ಬಂತು. ಹಾಗಾಗಿ 2022ಕ್ಕಿಂತ ಹಳೇದು ಬೇಡ ಅಂತ ತೀರ್ಮಾನಿಸಿದೆ. ಅಗ್ಗದ ವೇರಿಯಂಟ್ ಆದರೂ ಎರಡು ಏರ್‌ಬ್ಯಾಗ್ ಇದ್ದೇ ಇರುತ್ತದೆ. ಪೆಟ್ರೋಲ್ ವಿಚಾರವೂ ಇದೆ. ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಸೇರಿದ ಇ20. 2023ರ ಏಪ್ರಿಲ್‌ನಿಂದ ಬಂದ ಗಾಡಿಗಳ ರಬ್ಬರ್ ಭಾಗಗಳನ್ನು ಇದಕ್ಕೆ ತಕ್ಕಂತೆ ಮಾಡಿದ್ದಾರೆ. ಅದಕ್ಕಿಂತ ಮುಂಚಿನದಾದರೆ ಪೈಪು, ಗ್ಯಾಸ್ಕೆಟ್ ಕಡೆ ಆಗಾಗ ಕಣ್ಣಿಡಬೇಕು. ಆದರೆ 2023ರ ನಂತರದ ಗಾಡಿಗಳ ಬೆಲೆ ಹೊಸದಕ್ಕೆ ತೀರಾ ಹತ್ತಿರ. ಅಲ್ಲಿ ನನ್ನ ಲೆಕ್ಕ ಕೂಡುತ್ತಿರಲಿಲ್ಲ.

ಗಾಡಿ ಎಲ್ಲಿ ಬಾಳಿತ್ತು?

ಮೂಡಿಗೆರೆಯಲ್ಲಿ ನಮ್ಮ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ. ಅಪ್ಪನ ಜೀಪಿನ ಕಾಲದಿಂದ ಪರಿಚಯ. ನಾನು ಅವರನ್ನು ಅಣ್ಣ ಅಂತಲೇ ಕರೆಯೋದು. ಒಂದು ಗಾಡಿ ನೋಡೋಕೆ ಅವರನ್ನು ಕರೆದುಕೊಂಡು ಹೋದೆ. ಬಿಳಿ ಬಣ್ಣ, ಹೊಳೀತಿತ್ತು. ಮೀಟರಿನಲ್ಲಿ ಮೂವತ್ತು ಸಾವಿರ ಕಿಲೋಮೀಟರ್ ಚಿಲ್ಲರೆ. ನನಗೆ ನೋಡಿದ ಕೂಡಲೇ ಹಿಡಿಸಿತು. ಅಣ್ಣ ಬಾನೆಟ್ ತೆಗೆಯಲೇ ಇಲ್ಲ. ಮೊದಲು ಬಾಗಿಲು ತೆಗೆದು ಅದರ ಸುತ್ತ ಇರುವ ರಬ್ಬರ್ ಬೀಡಿಂಗನ್ನು ಎಳೆದು ಒಳಗೆ ನೋಡಿದರು. ಆಮೇಲೆ ಸೀಟ್ ಬೆಲ್ಟನ್ನು ಕೊನೇವರೆಗೂ ಎಳೆದು ಮೂಸಿದರು. ಮುಳುಗಿದ ಗಾಡಿಯನ್ನು ಎಷ್ಟೇ ತೊಳೆದರೂ ಬೆಲ್ಟಿನ ತುದಿಯಲ್ಲಿ ಕೆಸರಿನ ಗೆರೆ ಉಳಿಯುತ್ತಂತೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ನೀರಲ್ಲಿ ನಿಂತಿದ್ದ ಕಾರುಗಳನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಅವೆಲ್ಲ ಗುಜರಿಗೆ ಹೋಗಿಲ್ಲ. ಈ ಗಾಡಿ ಮುಳುಗಿದ್ದಲ್ಲ. ಆದರೆ ಅಣ್ಣ ನೆಲಕ್ಕೆ ಗೋಣಿ ಹಾಸಿ ಮಲಗಿ, ಟಾರ್ಚ್ ಬಿಟ್ಟು ಅಡಿ ಭಾಗ ನೋಡಿ, ಬೆರಳಲ್ಲಿ ಕೆರೆದು ತುಕ್ಕಿನ ಪುಡಿ ತೋರಿಸಿದರು. 'ಇದು ಸಮುದ್ರದ ಗಾಳಿ ಕುಡಿದ ಗಾಡಿ ಮಾರಾಯ. ಇಂಜಿನ್ ಚೆನ್ನಾಗೇ ಇರಬಹುದು. ಬಾಡಿ ನಮ್ಮ ಮಳೇಲಿ ಜಾಸ್ತಿ ವರ್ಷ ತಡೆಯಲ್ಲ.'

ವಾಪಸ್ ಬರುವಾಗ ಅವರು ಹೇಳಿದ್ದನ್ನು ನಾನು ಮನಸ್ಸಲ್ಲಿ ಬರೆದುಕೊಂಡೆ. ಕರಾವಳಿ ಗಾಡಿಗೆ ತುಕ್ಕಿನ ಭಯ. ಬೆಂಗಳೂರಿನ ಗಾಡಿಯ ಅಡಿಭಾಗ ಚೊಕ್ಕಟ, ಆದರೆ ಟ್ರಾಫಿಕ್‌ನಲ್ಲಿ ಕ್ಲಚ್ ಸವೆದಿರುತ್ತದೆ. ಮೀಟರಿನಲ್ಲಿ ಕಾಣುವ ಕಿಲೋಮೀಟರಿಗಿಂತ ಇಂಜಿನ್ ಓಡಿದ ಗಂಟೆ ಜಾಸ್ತಿ. ನಮ್ಮ ತೋಟದ ರಸ್ತೆಯ ಗಾಡಿಗೆ ಶಾಕ್ ಅಬ್ಸಾರ್ಬರ್, ಬುಶ್, ವೀಲ್ ಬೇರಿಂಗ್ ಹೋಗಿರುತ್ತದೆ, ಕಲ್ಲಿಗೆ ತಾಗಿ ಅಡಿ ಜಜ್ಜಿರುತ್ತದೆ. ಹಾಸನ, ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆ ಗಾಡಿಗಳು ಇದ್ದುದರಲ್ಲಿ ವಾಸಿ. ಮಳೆ ಕಮ್ಮಿ, ಘಾಟಿ ಇಲ್ಲ, ಟ್ರಾಫಿಕ್ ಇಲ್ಲ. ಇಂಥ ತಿಳುವಳಿಕೆ ಯಾವ ಆ್ಯಪ್‌ನಲ್ಲೂ ಸಿಗಲ್ಲ. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಷ್ಟನೇ ಮಾಲೀಕರು, ವಿಮೆ ಯಾವಾಗ ಮುಗಿಯುತ್ತೆ, ಸಾಲ ಇದೆಯಾ ಅನ್ನೋದು ತಿಳಿಯುತ್ತದೆ. ಅದನ್ನೂ ನೋಡಲೇಬೇಕು. ಆದರೆ ಗಾಡಿ ಯಾವ ಊರಲ್ಲಿ, ಯಾವ ರಸ್ತೆಯಲ್ಲಿ, ಯಾರ ಕೈಯಲ್ಲಿ ಬಾಳಿತ್ತು ಅನ್ನೋದನ್ನು ನೆಲಕ್ಕೆ ಮಲಗಿ ನೋಡುವವರೇ ಹೇಳಬೇಕು. ಒಬ್ಬ ಒಳ್ಳೇ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಡಲು ಹಿಂದೆಮುಂದೆ ನೋಡಬೇಡಿ. ಅವರು 'ಬೇಡ' ಅಂದ ಗಾಡಿಯ ದಿನಕ್ಕೂ ಕೊಡಿ. ಅವತ್ತೇ ಅವರು ನಿಮಗೆ ಹೆಚ್ಚು ಉಳಿಸಿರುತ್ತಾರೆ.

ಕೊನೆಗೆ ಸಿಕ್ಕಿದ್ದು ಹಾಸನದಲ್ಲಿ. ನಿವೃತ್ತರಾದ ಒಬ್ಬ ಮೇಷ್ಟ್ರು ಮಗನ ಹತ್ತಿರ ಬೇರೆ ಊರಿಗೆ ಹೋಗುವವರಿದ್ದರು. 2022ರ ಗಾಡಿ, ಒಬ್ಬರೇ ಮಾಲೀಕರು, ಸರ್ವೀಸ್ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ತಾರೀಕಿನ ಪ್ರಕಾರ ಜೋಡಿಸಿಟ್ಟಿದ್ದರು. ಅಣ್ಣ ಮತ್ತೆ ಗೋಣಿ ಹಾಸಿದರು, ಎದ್ದು ಬಂದು 'ತಗೋ' ಅಂದರು. ಮೇಷ್ಟ್ರು 4.9 ಲಕ್ಷ ಹೇಳಿದ್ದರು. ನಾನು ಐಡಿವಿ ಲೆಕ್ಕ, ಹೊಸದರ ಬೆಲೆ ಎರಡನ್ನೂ ಅವರ ಮುಂದೆಯೇ ಕಾಗದದಲ್ಲಿ ಬರೆದು ತೋರಿಸಿದೆ. 4.4ಕ್ಕೆ ಒಪ್ಪಿದರು. ಐಡಿವಿಗಿಂತ ಇದೂ ಮೇಲೆಯೇ, ಆದರೆ ಲಕ್ಷದೊಳಗೆ. ಉಳಿದದ್ದು ಹನ್ನೆರಡು ವರ್ಷ. ವರ್ಷಕ್ಕೆ 36,700ರ ಹತ್ತಿರ.

ಅವರು ಒಂದೇ ಷರತ್ತು ಹಾಕಿದರು, ಆರ್‌ಸಿ ಬೇಗ ನನ್ನ ಹೆಸರಿಗೆ ಆಗಬೇಕು ಅಂತ. ಸರಿಯಾದ ಷರತ್ತು. ಅಪಘಾತವಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹೆಸರು ಬದಲಿಸುವ ಫಾರಂ 29, ಫಾರಂ 30 ಎರಡಕ್ಕೂ ಅವತ್ತೇ ಸಹಿ ಆಯಿತು. ಅವರ ಹಳೇ ಸಾಲ ತೀರಿತ್ತು, ಬ್ಯಾಂಕಿನ ಫಾರಂ 35 ಫೈಲಿನಲ್ಲೇ ಇತ್ತು. ವಿಮೆಯನ್ನೂ 14 ದಿನದೊಳಗೆ ಹೆಸರು ಬದಲಿಸಬೇಕು. ಕ್ಲೈಮ್ ಮಾಡದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ, ಅಂದರೆ ಅವರ ನೋ ಕ್ಲೈಮ್ ಬೋನಸ್ ನಮಗೆ ಬರಲ್ಲ, ಅದು ಗಾಡಿಯದಲ್ಲ, ಮನುಷ್ಯರದು. ಹಾಗಾಗಿ ವಿಮೆ ಕಂತಿನಲ್ಲಿ ಸ್ವಲ್ಪ ಜಾಸ್ತಿ ಕಟ್ಟಬೇಕಾಯಿತು. ಇದನ್ನು ಮೊದಲೇ ಖರ್ಚಿಗೆ ಸೇರಿಸಿಕೊಂಡಿದ್ದರೆ ಆಮೇಲೆ ಗಾಬರಿ ಇರಲ್ಲ.

ನನ್ನ ಜೊತೆ ಕೆಲಸ ಮಾಡುವ ಗೆಳೆಯನಿಗೆ ನಾನು ಇದೇ ಸಲಹೆ ಕೊಡಲಿಲ್ಲ. ಅವನ ಹೆಂಡತಿಗೆ ಹಾಸನಕ್ಕೆ ವರ್ಗ ಆಗಿದೆ. ಬೇಲೂರು ದಾರಿಯಲ್ಲಿ ದಿನಾ ಹೋಗಿಬರೋದು ಅಂದರೆ ನೂರಿಪ್ಪತ್ತು ಕಿಲೋಮೀಟರಿಗೆ ಕಮ್ಮಿ ಇಲ್ಲ. ವರ್ಷಕ್ಕೆ ಮೂವತ್ತು ಸಾವಿರ ದಾಟುತ್ತದೆ. ಅಷ್ಟು ಓಡುವ ಗಾಡಿಗೆ ಆರ್‌ಸಿಯ ವರ್ಷ ಎಣಿಸಿ ಪ್ರಯೋಜನವಿಲ್ಲ, ಕಿಲೋಮೀಟರೇ ಮೊದಲು ಮುಗಿಯುತ್ತದೆ. ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಅವರ ಮನೆಯ ದಿನಚರಿಯೇ ನಿಲ್ಲುತ್ತದೆ. ಇಬ್ಬರಿಗೂ ತಿಂಗಳ ಸಂಬಳವಿದೆ. ಅವರಿಗೆ ವಾರಂಟಿ ಇರುವ ಹೊಸ ಗಾಡಿಯೇ ಸರಿ ಅಂದೆ. ಕಂತನ್ನು ಏಳರ ಬದಲು ಐದು ವರ್ಷಕ್ಕೆ ಹಾಕಿಸಿ, ಹತ್ತು ಲಕ್ಷದ ಗೆರೆಯೊಳಗೇ ಇರಿ ಅಂತಲೂ ಹೇಳಿದೆ. ಹೋದ ವಾರ ಬುಕ್ ಮಾಡಿದ್ದಾರೆ.